ಯರ್ರೆಪ್ಪನ ಅಂಗಿ

“ಕತಿ ಕೇಳದ ಆ ಅಂಗಿ ತೊಡಬ್ಯಾಡ್ರಿ. ನಾ ಹೇಳಬೇಕು, ನೀವು ಹೂಂ ಅನಬೇಕು. ಅದರ ನೇಮ ಅದು.”

ಹಗೇವಿನ ಬಾಯಿಯ ಬಳಿ ಕೂತು ಜಂಬಕ್ಕ ಹೀಗೆಂದಾಗ ಗವಿಸಿದ್ದೇಶ ನಕ್ಕ. ಅವನು ಕೊಟ್ಟೂರಿನ ಮಾತುಗಾರ. ಮರುದಿನ ಹರಪನಹಳ್ಳಿಯಲ್ಲಿ ತೆರೆಯಲಿದ್ದ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಗುರಾಣಿ, ಸಿಪಾಯಿ ಉಡುಪುಗಳ ಚರಿತ್ರೆ ಹೇಳುವ ಕೆಲಸ ಅವನಿಗೆ ಸಿಗುವುದರಲ್ಲಿತ್ತು. ನಾಳೆಯ ಒಂದು ಭಾಷಣ ಗೆದ್ದರಾಯಿತು. ಅವನ ಬಂಡವಾಳವೆಲ್ಲ ನಾಲಿಗೆ. ಉಚ್ಚಂಗಿದುರ್ಗದ ಈ ಮುದುಕಿಯ ಅಂಗಳದಲ್ಲಿ, ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವಿನಲ್ಲಿ, ಪಾಳೇಗಾರರ ಕಾಲದ, ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಕಾಳಗದ ಅಂಗಿಯಿದೆ ಎಂದು ಕೇಳಿ ಬಂದಿದ್ದ.

ಜಂಬಕ್ಕ ಅದನ್ನು ದುಡ್ಡು ಕೇಳದೆ ಕೊಡಲು ಒಪ್ಪಿದ್ದಳು. ಕಣ್ಣು ಹೋಗಿದ್ದವು, ಹೂಂ ಅನ್ನುವವರು ಮನೆಯಲ್ಲಿ ಉಳಿದಿರಲಿಲ್ಲ. ಫಲಕದ ಮೇಲೆ ‘ಕುದುರೆ ಲಾಯದ ಯರ್ರೆಪ್ಪ’ ಎಂದು ತನ್ನ ಮನೆತನದ ಹಿರಿಯನ ಹೆಸರು ಬರೆಸಿದರೆ ಸಾಕು ಅಂದಿದ್ದಳು. ಫಲಕ ಆಗಲೇ ಸಿದ್ಧವಾಗಿತ್ತು: ದೊರೆ ತೊಟ್ಟು ಕಾದಿದ ಕವಚ.

“ಲಾಯದ ಆಳಿನ ಅಂಗಿ ನೋಡಾಕ ಯಾರು ಬರ್ತಾರ ಯವ್ವಾ? ದೊರಿದು ಅಂದ್ರ ಬರ್ತಾರ,” ಎನ್ನುತ್ತ ಅವನು ಏಣಿ ಇಳಿದ.

ಮಟಮಟ ಮಧ್ಯಾಹ್ನದಲ್ಲೂ ಕೆಳಗೆ ಕಗ್ಗತ್ತಲು. ಮುಗ್ಗಿದ ಜೋಳದ ಘಾಟು, ಅದರಡಿ ಕಮಟಿದ ಕುಸುಬಿ ಎಣ್ಣೆ, ಅದಕ್ಕೂ ಅಡಿಯಲ್ಲಿ ಹಸಿ ನೆತ್ತರಿನಂಥದೇನೋ. ಮೊಬೈಲಿನ ದೀಪ ಹಾಕಿ, ಅಂಗಿಗೆ ಸುತ್ತಿದ್ದ ಎಣ್ಣೆಬಟ್ಟೆ ಬಿಚ್ಚಿದ. ಅಂಗಿಯ ಕೊರಳಲ್ಲಿ ಹೆಂಗಸಿನ ಕೂದಲು ಹೆಣೆದಿತ್ತು, ನಡುವೆ ತುಕ್ಕು ಹಿಡಿದ ಮೊಳೆ. ಹೊತ್ತು ಏಣಿ ಹತ್ತುವುದು ಕಷ್ಟ, ತೊಟ್ಟರೆ ಎರಡೂ ಕೈ ಬಿಡುವು. ತೊಟ್ಟ. ತೊಟ್ಟ ಮೇಲೆ ಒಂದು ವಿಡಿಯೊ ಆಗಿಬಿಡಲಿ ಎಂದು ಮೊಬೈಲನ್ನು ಗೋಡೆಗೆ ಒರಗಿಸಿ, ಗಂಟಲು ಸರಿಮಾಡಿಕೊಂಡ.

“ಇದು ದೊರೆಯೇ ತೊಟ್ಟು ಕಾದಿದ…”

“ಊಹೂಂ.”

ಕಿವಿಯ ಪಕ್ಕದಲ್ಲೇ. ಗಂಡಸಿನ ದನಿ. ಬೆಚ್ಚಗಿನ ಉಸಿರು.

ಮೊಬೈಲ್ ಆರಿತು. ಬಳೆಗಳು ಕಿಣಿಕಿಣಿ ಅಂದವು. ಎದೆಗೆ ಬಿಗಿದವು. ಇನ್ನೂ ಬಿಗಿದವು. ಕೂಗಲು ಉಸಿರಿಲ್ಲ. ಏಣಿ ಸಿಗಲಿಲ್ಲ. ಗೋಡೆ ಸಿಗಲಿಲ್ಲ. ಕೊರಳಿನ ಕೂದಲು ಬಾಯೊಳಗೆ ಹರಿಯಿತು. ನಾಲಿಗೆಗೆ ಸುತ್ತಿತು.

ಮೇಲಿಂದ ಜಂಬಕ್ಕನ ದನಿ ಇಳಿಯಿತು. “ಹೂಂ ಅನ್ರಿ ಯಪ್ಪಾ. ಅಂದ್ರ ಬಿಡ್ತಾನ.”

ಅವಳು ಹೇಳತೊಡಗಿದಳು, ಅವನು ಮೂಗಿನಲ್ಲೇ ಹೂಂಗುಟ್ಟತೊಡಗಿದ. ವೈರಿಗಳು ಕೋಟೆ ಮುತ್ತಿದಾಗ ದೊರೆ ತನ್ನ ಅಂಗಿಯನ್ನು ಲಾಯದ ಯರ್ರೆಪ್ಪನಿಗೆ ತೊಡಿಸಿ ಮುಂಬಾಗಿಲಿಗೆ ಕಳಿಸಿದ. ಹೂಂ. ಅವನೇ ದೊರೆಯೆಂದು ವೈರಿಗಳು ಅವನ ಮೇಲೆ ಬಿದ್ದರು, ದೊರೆ ಹಿಂದಿನ ದಿಡ್ಡಿಯಿಂದ ಪಾರಾದ. ಹೂಂ. ಆಮೇಲೆ, ಅಂದು ಕಾದಿದ್ದು ತಾನೇ ಎಂದು ಹಾಡು ಕಟ್ಟಿಸಿದ. ಹೂಂ. ಹೆಣದಿಂದ ಬಿಚ್ಚಿದ ಅಂಗಿಗೆ ಯರ್ರೆಪ್ಪನ ತಾಯಿ ತನ್ನ ಜಡೆ ಕೊಯ್ದು ಹೆಣೆದು, ಮೊಳೆ ಸೇರಿಸಿ ಮಾಟ ಮಾಡಿದಳು: ಇದನ್ನು ತೊಟ್ಟು ನನ್ನ ಮಗನ ಹೆಸರು ನುಂಗಿದವನ ಮಾತನ್ನು ನನ್ನ ಮಗ ನುಂಗಲಿ.

ಹೂಂ. ಬಳೆಗಳು ಸಡಿಲಾದವು.

ಮೇಲೆ ಬಂದು ಅಂಗಿ ಕಳಚಿ ಬಿಸಿಲಲ್ಲಿ ಕುಸಿದ. ನೀರು ಕೇಳಲು ಬಾಯಿ ತೆರೆದ. “ಹೂಂ,” ಬಂತು. ತನ್ನ ಹೆಸರು ಹೇಳಹೋದ. “ಹೂಂ.”

ಜಂಬಕ್ಕ ತಡವರಿಸಿ ಅವನ ತಲೆ ಮುಟ್ಟಿದಳು. “ಉಸಿರು ಕೊಟ್ಟಾನ, ಮಾತು ಇಟಗೊಂಡಾನ. ಈಗರ ಅವನ ಹೆಸರು ಹಾಕಸ್ತೀರಿಲ್ಲೋ?”

“ಹೂಂ,” ಅಂದ. ಅಷ್ಟು ಮನಸ್ಸಿಟ್ಟು ಅವನು ಯಾವ ಮಾತನ್ನೂ ಆಡಿರಲಿಲ್ಲ.

ಮರುದಿನ ಅಂಗಿ ಒಪ್ಪಿಸಿ, ನಡೆದದ್ದೆಲ್ಲವನ್ನೂ ಕಾಗದದಲ್ಲಿ ಬರೆದು ಸಂಗ್ರಹಾಲಯದ ಅಧ್ಯಕ್ಷ ಪಾಲಾಕ್ಷಪ್ಪನ ಕೈಗಿಟ್ಟ. ಪಾಲಾಕ್ಷಪ್ಪ ಎರಡು ಸಾಲು ಓದಿ, ಮಡಿಸಿ ಜೇಬಿಗೆ ಸೇರಿಸಿದ. ಫಲಕ ಆಗಿಹೋಗಿದೆ, ಗಂಟಲು ಕಟ್ಟಿದ್ದರೆ ಸುಮ್ಮನೆ ಪಕ್ಕಕ್ಕೆ ನಿಂತರೆ ಸಾಕು ಅಂದ.

ಜನ ಕಿಕ್ಕಿರಿದಿದ್ದರು. ಯರ್ರೆಪ್ಪನ ಹೆಸರು ಕೇಳಲೆಂದು ಬಸ್ಸು ಹಿಡಿದು ಬಂದಿದ್ದ ಜಂಬಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪಾಲಾಕ್ಷಪ್ಪ ದೊರೆಯ ಶೌರ್ಯವನ್ನೆಲ್ಲ ಓದಿ ಮುಗಿಸಿ ಮೈಕನ್ನು ಗವಿಸಿದ್ದೇಶನ ಬಾಯಿಗೆ ಹಿಡಿದ.

“ಹುಡುಕಿದವ್ರು ಇವ್ರ. ಹೇಳ್ರಿ, ಇದು ದೊರಿದ ಅಲ್ಲೇನ್ರಿ?”

ಗವಿಸಿದ್ದೇಶ ಜೀವವನ್ನೆಲ್ಲ ಗಂಟಲಿಗೆ ತಂದ. ತಲೆಯನ್ನು ಅಡ್ಡಡ್ಡ ಆಡಿಸಿದ. ನೋಡಿದವರು ನಕ್ಕರು. ನೋಡಲಾರದವಳಿಗೆ ಕೇಳಿಸಿದ್ದು ಮೈಕಿನಲ್ಲಿ ಬಂದದ್ದಷ್ಟೇ.

“ಹೂಂ.”

ಗಾಜಿನ ಒಳಗೆ ಬಳೆಗಳು ಕಿಣಿಕಿಣಿ ಅಂದವು. ಜಂಬಕ್ಕ ಸೆರಗು ತಲೆಗೆಳೆದು, ಗೋಡೆ ತಡವುತ್ತ ಹೊರಟಳು.