ಪಟ್ಸೂನಿನ ಬಟಾಣಿ ಹಂದರ

"ಕಡ್ಡಿ ಸಾಲಲ್ಲ ಫೆಲಿಸ್. ಇನ್ನೊಂದು ಮೊಳ ಎತ್ತರ ಬೇಕು."

ಗೋಡೆಯಾಚೆಯ ದನಿಗೆ ಫೆಲಿಸಿಯಾನಾ ತಲೆಯೆತ್ತಲಿಲ್ಲ. ಅವಳನ್ನು 'ಫೆಲಿಸ್' ಎಂದು ಕರೆಯುತ್ತಿದ್ದವನು ಒಬ್ಬನೇ, ಪಕ್ಕದ ಮನೆಯ ಮಕಾರಿಯೊ. ಗಂಡ ತೀರಿಕೊಂಡ ಮೇಲೆ ಅವನ ಊರಾದ ಟೆಕ್ಪಾನಿನಿಂದ ಪಟ್ಸೂನಿನ ತವರಿಗೆ ಬಂದಿದ್ದಳು. ಸುಮ್ಮನೆ ಕೂರಲಾಗದೆ ಅಕ್ಕನ ಹಿತ್ತಲಲ್ಲಿ, ಸಿಪ್ಪೆ ಸಮೇತ ತಿನ್ನುವ ಚೀನಾ ಬಟಾಣಿ ಹಾಕಿದ್ದಳು. ಕೊಯ್ಲು ಮುಗಿದರೆ ಮತ್ತೆ ಟೆಕ್ಪಾನು, ಮಗನ ಮನೆ.

"ನನ್ನ ಬಳ್ಳಿ, ನನ್ನ ಕಡ್ಡಿ. ನಿನಗೇನು ಕಷ್ಟ?"

"ನನಗೇನಿಲ್ಲಪ್ಪ. ಬಳ್ಳಿ ಪಾಪ ಅನ್ನಿಸ್ತು."

ನಗು ಕಾಣದಿರಲೆಂದು ಅವಳು ಶಾಲಿನ ಅಂಚು ಕಚ್ಚಿದಳು.

ಹದಿನೆಂಟರ ವಯಸ್ಸಿನಲ್ಲೂ ಹೀಗೆಯೇ. ಇಬ್ಬರೂ ಒಂದೇ ಸಾಲಿನಲ್ಲಿ ಕಾಯಿ ಬಿಡಿಸುತ್ತಿದ್ದರು. ಕಾಳು ಉಬ್ಬುವ ಮೊದಲೇ, ಕಾಯಿ ಚಪ್ಪಟೆಯಾಗಿರುವಾಗಲೇ ಕೀಳಬೇಕು. ಮಕಾರಿಯೊ ಬೇಕೆಂದೇ ನಿಧಾನ ಮಾಡುತ್ತಿದ್ದ. ಬಿಳಿ ಹೂಗಳ ಸಂದಿಯಲ್ಲಿ ಅವನ ಕಣ್ಣು ಕಂಡರೆ ಸಾಕು, ಅವಳ ಬೆರಳು ಕಾಯಿ ಬಿಟ್ಟು ಹೂವನ್ನೇ ಕಿತ್ತುಬಿಡುತ್ತಿತ್ತು.

ಆದರೂ ಅವನು ಹೆಣ್ಣು ಕೇಳಲು ಬರಲಿಲ್ಲ. ಕಾದಳು. ಕೊನೆಗೆ ಅಪ್ಪ ತೋರಿಸಿದವನನ್ನು ಮದುವೆಯಾದಳು.

ಡಿಸೆಂಬರಿನ ಒಂದು ಸಂಜೆ ಆಕಾಶ ತಿಳಿಯಾಗಿ, ಗಾಳಿ ನಿಂತು, ಚಳಿ ಮೈ ಕೊರೆಯತೊಡಗಿತು. ಮಂಜು ಹೆಪ್ಪುಗಟ್ಟಿದರೆ ಹೂವೆಲ್ಲ ಕರಕಲಾಗುತ್ತದೆ. ಕರೆಯುವ ಮೊದಲೇ ಮಕಾರಿಯೊ ಪ್ಲಾಸ್ಟಿಕ್ ಹಾಳೆ ಹೊತ್ತು ಗೋಡೆ ಹತ್ತಿ, ಸೊಂಟ ಹಿಡಿದುಕೊಂಡು ಇಳಿದ.

"ಬಾಗಿಲು ಇರೋದು ಯಾಕೆ?"

"ನಿಮ್ಮಕ್ಕ ಇರ್ತಾಳಲ್ಲ ಅಲ್ಲಿ!"

ಆ ತುದಿ ಅವನು, ಈ ತುದಿ ಅವಳು. ಹಂದರದ ಮೇಲೆ ಹಾಳೆ ಎಳೆಯುತ್ತಿದ್ದಾಗ ಅವಳ ಬಾಯಿ ಜಾರಿತು.

"ಆಗ ಯಾಕೆ ಬರಲಿಲ್ಲ?"

ಅವನು ತಿರುಗಿ ನೋಡಿದ. "ಬಂದಿದ್ದೆ. ಅವ್ವನ ಜೊತೆ, ಹೆಣ್ಣು ಕೇಳೋ ಶಾಸ್ತ್ರಕ್ಕೆ ಬುಟ್ಟಿ ತುಂಬ ಬ್ರೆಡ್ಡು, ಚಾಕೊಲೇಟು ಹೊತ್ಕೊಂಡು. ನೀನು ಸಂತೆಗೆ ಹೋಗಿದ್ದೆ. 'ಟೆಕ್ಪಾನಿನ ಹುಡುಗನಿಗೆ ಮಾತು ಕೊಟ್ಟಾಗಿದೆ, ಅವಳಿಗೂ ಅದೇ ಇಷ್ಟ' ಅಂದ್ರು ನಿಮ್ಮಪ್ಪ. ನಿನ್ನ ಇಷ್ಟ ಅಂದ್ಮೇಲೆ ನಾನೇನು ಹೇಳ್ಲಿ?"

ಹಾಳೆ ಅವಳ ಕೈಯಿಂದ ಜಾರಿತು. "ನನ್ನ ಇಷ್ಟ ಯಾರೂ ಕೇಳಲೇ ಇಲ್ವಲ್ಲೋ..."

ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಮನುಷ್ಯ ಈ ತುದಿಗೆ ಬಂದು, ಜಾರಿದ ಹಾಳೆ ಎತ್ತಿ ಅವಳ ಕೈಗಿತ್ತ.

"ಈಗ ಯಾರನ್ನ ಕೇಳ್ಬೇಕು ಫೆಲಿಸ್? ನಿನ್ನ ಮಗನ್ನಾ?"

"ನನ್ನನ್ನ ಕೇಳು."

ಟೋಪಿ ತೆಗೆದು ಕೇಳಿದ. ಅವಳು ತುಟಿಯೊಳಗೇ "ಹೂಂ" ಎಂದಳು.

"ಕೇಳಿಸಲಿಲ್ಲ."

"ಹೂಂ ಅಂದೆ ಕಣೋ!"

ಅಡುಗೆಮನೆಯಿಂದ ಅಕ್ಕ ಓಡಿ ಬಂದಳು. "ಏನಾಯ್ತೇ?"

ಫೆಲಿಸಿಯಾನಾ ಕಣ್ಣೊರೆಸಿಕೊಂಡು ನಕ್ಕಳು. "ನಾನು ಟೆಕ್ಪಾನಿಗೆ ಹೋಗಲ್ಲ ಅಕ್ಕ."