ಹೊಲಿಗೆಯವಳ ಎರಡನೇ ಕೀಲಿ

ಮಗಳನ್ನು ಶಾಲೆಗೆ ಬಿಟ್ಟು ಬಂದವಳು ಬೀಗ ರಿಪೇರಿಯವನ ಅಂಗಡಿಯನ್ನು ದಾಟಿ ಹೋದಳು. ಬೀದಿಯ ತುದಿಯಿಂದ ತಿರುಗಿ ಮತ್ತೆ ದಾಟಿದಳು.

"ಟೈಲರಮ್ಮ, ಬೀದಿ ಅಳತೆ ತಗೋತಿದ್ದೀರಾ?" ಒಳಗಿನಿಂದ ಅವನು ಕೇಳಿದ.

ನಗು ಬರಬೇಕಿತ್ತು, ಬರಲಿಲ್ಲ.

ಹೋದ ತಿಂಗಳು ಇಲ್ಲೇ ಎಷ್ಟು ನಕ್ಕಿದ್ದಳು. ಅವಳ ಮನೆಗೆ ಎರಡನೇ ಕೀಲಿ ಮಾಡಿದವನು ಅದರ ಅಂಚನ್ನು ತನ್ನ ಅಂಗೈಗೆ ಉಜ್ಜಿ ನೋಡಿ, "ಇನ್ನೂ ಚುಚ್ಚುತ್ತೆ. ಸೂಜಿ ಚುಚ್ಚಿದ್ದೇ ಸಾಕು ನಿಮ್ಮ ಕೈಗೆ" ಎಂದು ಮತ್ತೆ ಅರ ಹಾಕಿದ್ದ. ಆ ಕೀಲಿಯನ್ನು ಅವಳು ಲಾರಿ ಓಡಿಸುವ ಅಣ್ಣನಿಗೆ ಕೊಟ್ಟಿದ್ದಳು.

ಆಮೇಲೊಂದು ಸಂಜೆ ಮನೆಗೆ ಬಂದು ನೋಡಿದರೆ ಬೀಗ ಹಾಕಿದ ಹಾಗೇ ಇತ್ತು, ಒಳಗೆ ಹೊಲಿಗೆ ಮೆಷಿನ್ ಇರಲಿಲ್ಲ. ಅಣ್ಣ ಊರಲ್ಲೇ ಇಲ್ಲವೆಂದು ಅವಳ ಲೆಕ್ಕ. ಹೊಟ್ಟೆಪಾಡೇ ಹೋದ ಸಿಟ್ಟಿನಲ್ಲಿ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಈ ಅಂಗಡಿಯ ಫೋಟೊ ಹಾಕಿ ಬರೆದಳು: "ಇವನು ನಮ್ಮ ಕೀಲಿಗೆ ಕಳ್ಳ ನಕಲು ಇಟ್ಟುಕೊಂಡು ಮನೆಗೆ ನುಗ್ಗುತ್ತಾನೆ."

ನಿನ್ನೆ ಅಣ್ಣ ಮೆಷಿನ್ ಹೊತ್ತು ಬಂದ. "ಕಿರುಗುಡ್ತಿತ್ತಲ್ಲೇ, ಸರ್ವೀಸ್ ಮಾಡಿಸ್ದೆ. ಸರ್‌ಪ್ರೈಸ್ ಕೊಡೋಣ ಅಂತ ಹೇಳ್ಲಿಲ್ಲ."

"ಮೆಷಿನ್ ಸಿಕ್ತು" ಎಂದಳು ಈಗ, ನೆಲ ನೋಡುತ್ತ. "ಅಣ್ಣ ತಗೊಂಡು ಹೋಗಿದ್ದ."

"ಸದ್ಯ."

ಗೋಡೆಯ ತುಂಬ ಹಲ್ಲು ಕೊರೆಯದ ಕೀಲಿಗಳು ತೂಗುತ್ತಿದ್ದವು. ಬೆಂಚಿನ ಮೇಲೆ ರಿಪೇರಿಗೆ ಬಂದ ಒಂದು ಬೀಗವೂ ಇರಲಿಲ್ಲ.

"ಕೆಲಸ ಚೆನ್ನಾಗಿಲ್ಲ, ಬಾಯಿ ಜಾಸ್ತಿ ಅಂತ ಬರೆದಿದ್ರೆ ಓದಿ ನಗ್ತಿದ್ದೆ. ಅದು ನಿಮ್ಮ ಅಭಿಪ್ರಾಯ, ಹೇಳ್ಕೊಳ್ಳಿ. ಕಳ್ಳ ಅಂದ್ರಿ. ಕಳ್ಳನ ಕೈಗೆ ಯಾರು ಕೀಲಿ ಕೊಡ್ತಾರೆ?"

ಹಿಂದೊಮ್ಮೆ, ಹೊಲಿದು ಉಳಿದ ಬಟ್ಟೆ ನುಂಗುತ್ತಾಳೆ ಎಂದು ಗಿರಾಕಿಯೊಬ್ಬಳು ಅಂದಾಗ ಊಟ ಬಿಟ್ಟು ಅತ್ತವಳು ಅವಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದೇ ಬಿಡುತ್ತಿದ್ದಳು.

"ಡಿಲೀಟ್ ಮಾಡ್ತೀನಿ."

"ಓದಿದವರ ತಲೆಯಿಂದ?"

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು, ಅದೇ ಗ್ರೂಪಿನಲ್ಲಿ ಬರೆದಳು: "ನಾನು ಬರೆದದ್ದು ಸುಳ್ಳು. ವಿಚಾರಿಸದೆ ಕಳ್ಳ ಅಂದೆ. ಮೆಷಿನ್ ಒಯ್ದವನು ನನ್ನ ಅಣ್ಣ." ಈ ಸಲ ತನ್ನ ಫೋಟೊ ಹಾಕಿದಳು. ಕ್ಷಣದಲ್ಲೇ ಬೈಗುಳ ಬರತೊಡಗಿದವು. ಒಂದೊಂದನ್ನೂ ಓದಿದಳು.

ಅವನು ಕೈ ಚಾಚಿ ಫೋನನ್ನು ಮೆಲ್ಲಗೆ ಬೋರಲು ಹಾಕಿದ. "ಸಾಕು. ನಿಮಗಿನ್ನೂ ಭಯ ಇದ್ರೆ ಬೇರೆ ಬೀಗ ಹಾಕ್ಕೊಡ್ತೀನಿ."

ಅವಳು ತನ್ನ ಕೀಲಿಯನ್ನು ಬೆಂಚಿನ ಮೇಲಿಟ್ಟಳು. "ಬೀಗ ಅದೇ ಇರ್ಲಿ. ಇನ್ನೊಂದು ನಕಲು ಮಾಡಿ."

"ಯಾರಿಗೆ?"

ತಲೆ ಎತ್ತಲಾಗಲಿಲ್ಲ. "ನಿಮ್ಮ ಹತ್ರ ಇರ್ಲಿ."

ಅವನು ಗೋಡೆಯಿಂದ ಒಂದು ಕೀಲಿ ತೆಗೆದು, ಹಲ್ಲು ಕೊರೆದು ಅರ ಹಾಕಿದ. ಕೊನೆಗೆ ಅವನು ಅಂಚನ್ನು ಅಂಗೈಗೆ ಉಜ್ಜಿ ನೋಡಿದ.

"ಚುಚ್ಚುತ್ತಾ?" ಎಂದಳು.

"ಸ್ವಲ್ಪ" ಎಂದ. "ಇರ್ಲಿ ಬಿಡಿ." ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.