ಅಮ್ಮನ ಹೊಟ್ಟೆನೋವು

"ಅಲ್ಲಾಡಬೇಡ ಕಣೇ! ನೀನೀಗ ಪೇಶೆಂಟು. ಪೇಶೆಂಟುಗಳು ಹೀಗೆ ಕಿಸಿಕಿಸಿ ನಗಲ್ಲ."

ಅಡುಗೆಮನೆಯ ಟೇಬಲ್ ಹತ್ತಿರ ಕೂತು ಅಮ್ಮ ಕೋರಲೀಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದ್ದಳು. ಪುಸ್ ಪುಸ್ ಅಂತ ಗಾಳಿ ಒತ್ತಿದ ಹಾಗೆಲ್ಲ ಕೋರಲೀಗೆ ಕಚಗುಳಿ.

ಕೋರಲೀಯ ಅಮ್ಮ ಡಾರ್ಲಾಗೆ ಕೆಲಸ ವೃದ್ಧಾಶ್ರಮದಲ್ಲಿ. ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುತ್ತಾಳೆ, ಊಟ ಮಾಡಿಸುತ್ತಾಳೆ, ಅವರ ಹಳೇ ಕತೆಗಳನ್ನು ಹೊಸದು ಅನ್ನೋ ಹಾಗೆ ಕೇಳುತ್ತಾಳೆ. ಆದರೆ ಅವಳು ನರ್ಸ್ ಅಲ್ಲ, ಬರೀ ಸಹಾಯಕಿ. ನರ್ಸ್ ಆಗಬೇಕು ಅನ್ನೋದು ಅವಳ ಬಹಳ ದಿನದ ಆಸೆ.

ಅಷ್ಟರಲ್ಲಿ ಫೋನ್ ಬಂತು. ಅಮ್ಮ ಪಟ್ಟಿ ಬಿಚ್ಚದೇ ಎದ್ದು ಹೋದಳು. "ಹೂಂ ಸಾರ್... ಶನಿವಾರ ಮಧ್ಯಾಹ್ನದೊಳಗೆ ಕಾಲೇಜಿನ ಕಾಗದಕ್ಕೆ ಸಹಿ ಹಾಕಬೇಕು, ಗೊತ್ತು ಸಾರ್."

"ಗಾಜಿನ ಕಾಲೇಜಿನವನಾ?" ಕೋರಲೀ ಕೇಳಿದಳು. ಆ ಕಾಲೇಜು ಇರೋದು ದೂರದ ಸಿಟಿಯಲ್ಲಿ. ಫೋಟೋದಲ್ಲಿ ಕಟ್ಟಡ ಪೂರ್ತಿ ಫಳಫಳ ಗಾಜು. ನರ್ಸ್ ಓದೋಕೆ ಇನ್ನೊಂದು ಜಾಗ ಕೌಂಟಿ ಕಾಲೇಜು, ಅಂದರೆ ಜಿಲ್ಲೆಯ ಸರ್ಕಾರಿ ಕಾಲೇಜು. ಅದು ಇಲ್ಲೇ, ಟ್ರಾಕ್ಟರ್ ಅಂಗಡಿಯ ಹಿಂದೆ. ಅದಕ್ಕೆ ಗಾಜು ಹೋಗಲಿ, ಸರಿಯಾದ ಬೋರ್ಡೂ ಇಲ್ಲ.

"ಅಮ್ಮಾ, ಕೌಂಟಿ ಕಾಲೇಜಿಗೆ ದುಡ್ಡು ಎಷ್ಟಾಗುತ್ತೆ?"

"ನಮ್ಮ ಪಿಕಪ್ ಟ್ರಕ್ ಮಾರಿದ್ರೆ ಬರುವಷ್ಟು."

"ಗಾಜಿನ ಕಾಲೇಜಿಗೆ?"

ಅಮ್ಮ ಬೀನ್ಸ್ ಪಾತ್ರೆಗೆ ಸೌಟು ಹಾಕಿ ತಿರುವಿದಳು. "ಈ ಮನೆ ಮಾರಿದ್ರೆ ಬರುವಷ್ಟು."

"ಅಯ್ಯೋ! ಮನೆ ಮಾರ್ತೀವಾ?"

"ಇಲ್ಲ ಮಾರಾಯ್ತಿ. ಸಾಲ ಕೊಡ್ತಾರೆ. ನರ್ಸ್ ಆದಮೇಲೆ ತೀರಿಸೋದು."

"ಹಾಗಾದ್ರೆ ಗಾಜಿನ ಕಾಲೇಜಿನ ನರ್ಸ್‌ಗೆ ಸಂಬಳ ಜಾಸ್ತಿನಾ?"

"ತಲೆ ತಿನ್ಬೇಡ. ಜೋಳದ ಬ್ರೆಡ್ ತಿನ್ನು," ಅಂದಳು ಅಮ್ಮ.

ಕೋರಲೀಯ ತಲೆಗೆ ಒಂದು ಪ್ರಶ್ನೆ ಹೊಕ್ಕರೆ ಮುಗೀತು. ಉತ್ತರ ಸಿಗೋ ತನಕ ಅವಳೂ ಸುಮ್ಮನಿರಲ್ಲ, ಬೇರೆಯವರನ್ನೂ ಸುಮ್ಮನಿರಲು ಬಿಡಲ್ಲ. ನರ್ಸ್ ಸಂಬಳ ನರ್ಸ್‌ಗೇ ತಾನೇ ಗೊತ್ತಿರೋದು? ಅವಳ ಸ್ಕೂಲಲ್ಲೇ ಒಬ್ಬರು ನರ್ಸ್ ಇದ್ದಾರಲ್ಲ, ಮಿಸ್ ಜನೆಲ್!

ಮರುದಿನ ಗುರುವಾರ. ಟೀಚರ್ ಗಣಿತದ ಟೆಸ್ಟ್ ಪೇಪರ್ ಕೈಗೆತ್ತಿಕೊಂಡ ಕೂಡಲೇ ಕೋರಲೀ ಹೊಟ್ಟೆ ಹಿಡಿದುಕೊಂಡಳು. ಪೂರ್ತಿ ನಾಟಕ ಅನ್ನೋ ಹಾಗಿಲ್ಲ. ಭಿನ್ನರಾಶಿ ಕಂಡರೆ ಅವಳಿಗೆ ನಿಜವಾಗಿಯೂ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತಿತ್ತು.

"ಬಂದ್ಯಾ ಮಹಾರಾಣಿ? ಇವತ್ತು ಗಣಿತದ ಟೆಸ್ಟಾ?" ಅಂದರು ನರ್ಸ್ ರೂಮಿನಲ್ಲಿದ್ದ ಮಿಸ್ ಜನೆಲ್. ಪೇಪರ್ ಕಪ್ಪಿನಲ್ಲಿ ಶುಂಠಿ ಸೋಡಾ ಕೊಟ್ಟು, ಎರಡು ಉಪ್ಪು ಬಿಸ್ಕತ್ತು ಇಟ್ಟರು. ಯಾವ ಹೊಟ್ಟೆನೋವಿಗೂ ಅವರದ್ದು ಅದೇ ಔಷಧಿ.

"ಮಿಸ್ ಜನೆಲ್, ನಿಮಗೆ ಸಂಬಳ ಎಷ್ಟು?"

ಮಿಸ್ ಜನೆಲ್ ಕೈಯಿಂದ ಥರ್ಮಾಮೀಟರ್ ಜಾರಿ ಬೀಳೋದರಲ್ಲಿತ್ತು. "ಅಬ್ಬಬ್ಬಾ! ಈ ಊರಿನವರು ನನ್ನ ಆಪರೇಷನ್ ಹೊಲಿಗೆ ಕೂಡ ತೋರಿಸು ಅಂತಾರೆ. ಸಂಬಳ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿರಲಿಲ್ಲ ಕಣೇ!"

"ಕೇಳಬಾರದಾ?"

"ಕೇಳಬಾರದು. ಕೇಳಿಯಾಯ್ತಲ್ಲ, ಈಗ ಯಾಕೆ ಅಂತ ಹೇಳು."

ಕೋರಲೀ ಎಲ್ಲವನ್ನೂ ಹೇಳಿದಳು. ಮಿಸ್ ಜನೆಲ್ ನಗೋದನ್ನು ನಿಲ್ಲಿಸಿ ಒಂದು ಬಿಸ್ಕತ್ತು ತೆಗೆದುಕೊಂಡು ಸರಿಯಾಗಿ ನಾಲ್ಕು ತುಂಡು ಮಾಡಿದರು.

"ಇದು ನನ್ನ ಒಂದು ತಿಂಗಳ ಸಂಬಳ ಅಂದ್ಕೋ." ಒಂದು ತುಂಡನ್ನು ಪಕ್ಕಕ್ಕೆ ಸರಿಸಿದರು. "ಇದು ಕಾಲೇಜಿನ ಸಾಲಕ್ಕೆ. ನಾನು ಓದಿದ್ದೂ ಒಂದು ಗಾಜಿನ ಕಾಲೇಜೇ. ನನ್ನ ಗೆಳತಿ ಟ್ರೆಸ್ಸಾ ಓದಿದ್ದು ಕೌಂಟಿ ಕಾಲೇಜಲ್ಲಿ. ಆಮೇಲೆ ಇಬ್ಬರೂ ಬರೆದದ್ದು ಒಂದೇ ನರ್ಸ್ ಪರೀಕ್ಷೆ. ನಾನು ಈ ಸ್ಕೂಲಿಗೆ ಬರೋಕೆ ಮುಂಚೆ ಇಬ್ಬರಿಗೂ ಒಂದೇ ಆಸ್ಪತ್ರೆ, ಒಂದೇ ವಾರ್ಡು, ಒಂದೇ ಸಂಬಳ." ಎರಡನೇ ಬಿಸ್ಕತ್ತನ್ನು ಎತ್ತಿ ತೋರಿಸಿದರು. "ಟ್ರೆಸ್ಸಾಗೆ ಹೆಚ್ಚು ಕಮ್ಮಿ ಇಡೀ ಬಿಸ್ಕತ್ತು."

"ನಿಮ್ಮದು ಯಾವಾಗ ಮುಗಿಯುತ್ತೆ?"

"ನೀನು ಹುಟ್ಟೋಕೆ ಮುಂಚೆ ಶುರುವಾಗಿದ್ದು. ಇನ್ನೂ ನಡೀತಾ ಇದೆ."

"ನರ್ಸ್ ಆಗಿದ್ದಕ್ಕೆ ಬೇಜಾರಾಗುತ್ತಾ?"

"ಸಾಲಕ್ಕೆ ಆಗುತ್ತೆ. ನರ್ಸ್ ಆಗಿದ್ದಕ್ಕೆ ಒಂದು ದಿನವೂ ಆಗಿಲ್ಲ."

"ಮತ್ಯಾಕೆ ಅಲ್ಲಿಗೇ ಹೋದ್ರಿ?"

ಮಿಸ್ ಜನೆಲ್ ಬಿಸ್ಕತ್ತಿನ ಚೂರುಗಳನ್ನು ಒಟ್ಟು ಮಾಡಿದರು. "ಅಲ್ಲಿ ಸೇರೋಕೆ ಟೆಸ್ಟ್ ಇರಲಿಲ್ಲ," ಅಂದರು. ಆಮೇಲೆ ಕೈ ಕೊಡವಿಕೊಂಡು ಎದ್ದರು. "ಸರಿ, ಈಗ ಹೊಟ್ಟೆ ಹೇಗಿದೆ? ಏಳು, ಬಾಗಿಲವರೆಗೂ ಬರ್ತೀನಿ."

ಅವರು ಯಾವಾಗಲೂ ಹಾಗೇ. ಕ್ಲಾಸಿನ ಬಾಗಿಲವರೆಗೂ ಜೊತೆಗೆ ಬರ್ತಾರೆ. ಒಳಗೆ ನೂಕಲ್ಲ, ಬುದ್ಧಿ ಹೇಳಲ್ಲ. ನಾವು ಬಾಗಿಲು ತೆಗೆಯೋವರೆಗೂ ಸುಮ್ಮನೆ ಪಕ್ಕದಲ್ಲಿ ನಿಂತಿರ್ತಾರೆ.

ಸಂಜೆ ಕೋರಲೀ ಟೇಬಲ್ ಮೇಲೆ ಬಿಸ್ಕತ್ತು ಮುರಿದು ಅಮ್ಮನಿಗೆ ಲೆಕ್ಕ ಒಪ್ಪಿಸಿದಳು. ಕೊನೆಯ ತುಂಡನ್ನು ಸರಿಸಿ ಗೆದ್ದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

ಅಮ್ಮ ಸಣ್ಣಗೆ ನಕ್ಕಳು. "ಗೊತ್ತು ಕಣೇ. ನಿಮ್ಮಮ್ಮನಿಗೆ ಅಷ್ಟೂ ಲೆಕ್ಕ ಬರಲ್ವಾ?"

ಕೋರಲೀ ಸೊಂಟದ ಮೇಲಿನ ಕೈ ಕೆಳಗಿಳಿಸಿದಳು. ಗೊತ್ತಿದ್ದೂ ಯಾರಾದರೂ ಮನೆಯಷ್ಟು ಸಾಲ ಮಾಡ್ತಾರಾ?

"ಕೌಂಟಿ ಕಾಲೇಜಲ್ಲಿ ಸೀಟು ಕಮ್ಮಿ. ಶನಿವಾರ ಬೆಳಗ್ಗೆ ಟೆಸ್ಟ್ ಇಟ್ಟಿದ್ದಾರೆ, ಹೆಸರೇನೋ ಕೊಟ್ಟಿದ್ದೀನಿ," ಅಮ್ಮ ಬಿಸ್ಕತ್ತಿನ ಚೂರುಗಳನ್ನು ಬೆರಳಲ್ಲಿ ಒತ್ತುತ್ತಾ ಹೇಳಿದಳು. "ನಾನು ಪರೀಕ್ಷೆ ಬರೆದು ಯಾವ ಕಾಲ ಆಯ್ತೋ. ಫೇಲಾದ್ರೆ, ನಾನು ನರ್ಸ್ ಆಗೋಕೆ ಲಾಯಕ್ಕಿಲ್ಲ ಅಂತ ಗೊತ್ತಾಗಿಬಿಡುತ್ತೆ. ಗಾಜಿನ ಕಾಲೇಜಲ್ಲಿ ಟೆಸ್ಟೇ ಇಲ್ಲ, ಯಾರೂ ಹಾಗನ್ನಲ್ಲ." ಬೆರಳು ಒರೆಸಿಕೊಂಡು, "ಅಲ್ಲದೇ ಶನಿವಾರ ನನ್ನ ಕೈಲಿ ಆಗುತ್ತೋ ಇಲ್ವೋ. ಎರಡು ದಿನದಿಂದ ಹೊಟ್ಟೆ ಒಂಥರಾ ನೋಯ್ತಾ ಇದೆ," ಅಂದಳು.

ಕೋರಲೀ ಅಮ್ಮನ ಮುಖವನ್ನೇ ನೋಡಿದಳು. ಆ ಹೊಟ್ಟೆನೋವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ದೊಡ್ಡವರಿಗೂ ಬರುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಪಾಪ ಅಮ್ಮ! ಅವಳಿಗೆ ಲೆಕ್ಕ ಹೇಳಿಕೊಡೋಕೆ ಹೋಗಿದ್ದೆನಲ್ಲ ಅಂತ ನಾಚಿಕೆಯಾಯಿತು. ಹೋಗಿ ಅಮ್ಮನಿಗೆ ಒತ್ತಿಕೊಂಡು ಕೂತಳು.

ಶನಿವಾರ ಬೆಳಗ್ಗೆ ಅಮ್ಮ ಎದ್ದು ಬರುವಷ್ಟರಲ್ಲಿ ಕೋರಲೀ ಶೂ ಹಾಕಿಕೊಂಡು ರೆಡಿ. ಟೇಬಲ್ ಮೇಲೆ ಒಂದು ಕಪ್ ಶುಂಠಿ ಸೋಡಾ, ತಟ್ಟೆಯಲ್ಲಿ ಎರಡು ಉಪ್ಪು ಬಿಸ್ಕತ್ತು, ಪಕ್ಕದಲ್ಲಿ ಟ್ರಕ್ಕಿನ ಕೀ.

"ಏನೇ ಇದು?"

"ಔಷಧಿ. ಹೊಟ್ಟೆನೋವಿಗೆ."

ಅಮ್ಮ ನಗೋಕೆ ಹೋದಳು, ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಗಾಜಿನ ಕಾಲೇಜಿನವನು! ಅಮ್ಮ ಫೋನನ್ನು ನೋಡಿದಳು, ಬಿಸ್ಕತ್ತನ್ನು ನೋಡಿದಳು.

ಅಮ್ಮ ಕೂತಳು. ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಫೋನ್ ಹೊಡೆದುಕೊಂಡು ಹೊಡೆದುಕೊಂಡು ತಾನಾಗಿಯೇ ಸುಮ್ಮನಾಯಿತು.

ಕೌಂಟಿ ಕಾಲೇಜಿನ ಕಾರಿಡಾರ್‌ನಲ್ಲಿ ಫಿನಾಯಿಲ್ ವಾಸನೆ. ಅಮ್ಮ ಕೈಯಲ್ಲಿದ್ದ ಎರಡು ಪೆನ್ಸಿಲ್‌ಗಳ ಮೊನೆಯನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಳು.

"ನೀನು ಒಳಗೆ ಬರೋ ಹಾಗಿಲ್ಲ ಕಣೇ, ಪುಟ್ಟೀ."

"ಗೊತ್ತಮ್ಮಾ. ಬಾಗಿಲವರೆಗೂ ಬರ್ತೀನಿ."

ಬಾಗಿಲು ಬಂತು. ಅಮ್ಮ ಹಿಡಿಯ ಮೇಲೆ ಕೈ ಇಟ್ಟು ಹಾಗೇ ನಿಂತಳು. "ಹೋಗಮ್ಮಾ, ಏನೂ ಆಗಲ್ಲ" ಅನ್ನೋ ಮಾತು ಕೋರಲೀಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಅಮ್ಮ ಬಾಗಿಲು ತೆಗೆದು ಒಳಗೆ ಹೋಗೋವರೆಗೂ ಅಲ್ಲಾಡದೇ ಪಕ್ಕದಲ್ಲಿ ನಿಂತಿದ್ದಳು.